ಆಪಾ ಹೋಗಬೇಕಾಗಿದ್ದ ಊರು

ನಾಲ್ಕು ವರ್ಷದ ಹಿಂದಿನ ಮಾತು. ನಮ್ಮ ದೇಶಕ್ಕೂ ಜಪಾನಿಗೂ ರೇಷ್ಮೆಯ ವಿಚಾರದಲ್ಲಿ ಒಂದು ಒಪ್ಪಂದವಾಗಿತ್ತು. ಅವರು ನಮ್ಮ ನೂಲು ಕೊಳ್ಳುವುದು, ನಮ್ಮವರಿಗೆ ಅಲ್ಲಿ ಕೆಲಸ ಕಲಿಸುವುದು, ಹೀಗೆ. ನಾನು ಓದಿದ್ದು ಐದನೇ ಕ್ಲಾಸು. ಕಾಗದದಲ್ಲಿ ಇನ್ನೇನಿತ್ತೋ ತಿಳಿಯದು. ಶಿಡ್ಲಘಟ್ಟದ ನಮ್ಮ ಓಣಿಗೆ ಒಬ್ಬ ಅಧಿಕಾರಿ ಬಂದು, "ಜಪಾನಿನವರು ನೂಲು ನೋಡೋಕೆ ಬರ್ತಾರೆ. ರೇಷ್ಮೆಗೂಡಿಂದ ಚೆನ್ನಾಗಿ ನೂಲು ಬಿಚ್ಚೋರು ಒಬ್ಬರನ್ನ ಮೂರು ವಾರ ಕರ್ಕೊಂಡು ಹೋಗ್ತಾರೆ" ಎಂದು ಹೇಳಿಹೋದರು.

ನಮ್ಮ ಮನೆಯಲ್ಲಿ ನೂಲು ಬಿಚ್ಚುವವಳು ನನ್ನ ಅಕ್ಕ. ಮನೆಮಾತು ಉರ್ದು, ಹಾಗಾಗಿ ಆಪಾ ಎನ್ನುತ್ತೇನೆ. ಬಿಸಿನೀರಿನಲ್ಲಿ ತೇಲುವ ಗೂಡುಗಳ ನಡುವೆ ಬೆರಳಾಡಿಸಿ, ಕಣ್ಣಿಗೆ ಕಾಣದ ಎಳೆಯ ತುದಿಯನ್ನು ಹಿಡಿದುಬಿಡುತ್ತಾಳೆ. ಇಪ್ಪತ್ತು ವರ್ಷ ಆ ನೀರಿನಲ್ಲಿ ಬೆಂದು ಅವಳ ಬೆರಳ ತುದಿಗಳು ಬಿಳಿಚಿ ಸುಕ್ಕಾಗಿವೆ. ನಾನು ಗೂಡು ತರುವವನು, ನೂಲು ಮಾರುವವನು. ಪೇಟೆಯಲ್ಲಿ ಎಲ್ಲರೂ ಅದನ್ನು ನನ್ನ ನೂಲು ಎನ್ನುತ್ತಿದ್ದರು. ನಾನು ಯಾವತ್ತೂ ತಿದ್ದಲಿಲ್ಲ.

ದೇವನಹಳ್ಳಿಯಿಂದ ಏಳುವ ವಿಮಾನಗಳು ನಮ್ಮ ಮಾಳಿಗೆಯ ಮೇಲೆಯೇ ಹೋಗುತ್ತವೆ. ಆ ವಾರವೆಲ್ಲ ಆಪಾ ಬಟ್ಟೆ ಒಣಹಾಕುತ್ತ ತಲೆಯೆತ್ತಿ ನಿಂತುಬಿಡುತ್ತಿದ್ದಳು.

"ಅದರೊಳಗೆ ಕೂತ್ರೆ ನಮ್ಮ ಮಾಳಿಗೆ ಕಾಣತ್ತೇನೋ?"

"ಹೋಗ್ತೀಯಲ್ಲ, ನೀನೇ ನೋಡಿ ಹೇಳು" ಎಂದೆ.

"ಸುಮ್ನಿರಪ್ಪ" ಎಂದು ದುಪಟ್ಟಾ ಬಾಯಿಗೆ ಅಡ್ಡ ಹಿಡಿದು ನಕ್ಕಳು.

ಜಪಾನಿನಿಂದ ಬಂದವರಲ್ಲಿ ಒಬ್ಬ ವಯಸ್ಸಾದ ಹೆಂಗಸು ಇದ್ದರು. ನಮ್ಮ ನೂಲಿನ ಲಡಿಯೊಂದನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಜೊತೆಗಿದ್ದ ದುಭಾಷಿ ಹುಡುಗಿ, "ಇದು ಯಾರ ಕೈಕೆಲಸ ಅಂತ ಕೇಳ್ತಿದಾರೆ" ಎಂದಳು. ಆಪಾ ಒಳಗೆ ಟೀ ಸೋಸುತ್ತಿದ್ದಳು. ಮೇಲೆ ವಿಮಾನವೊಂದು ಹೋಗುವ ಸದ್ದು ಕೇಳಿಸುತ್ತಿತ್ತು.

"ನಂದೇ" ಎಂದುಬಿಟ್ಟೆ.

ಆ ಅಜ್ಜಿ ನನ್ನ ಕೈ ಹಿಡಿದು, ಅಂಗೈ ತಿರುವಿ, ಬೆರಳ ತುದಿಗಳನ್ನು ಒಂದೊಂದಾಗಿ ಸವರಿದರು. ಅಷ್ಟರಲ್ಲಿ ಆಪಾ ಟೀ ತಂದಳು. ಅಜ್ಜಿ ಟೀ ತೆಗೆದುಕೊಳ್ಳದೆ, ಲೋಟ ಹಿಡಿದ ಅವಳ ಬೆರಳುಗಳನ್ನೇ ನೋಡುತ್ತ ಏನೋ ಕೇಳಿದರು.

"ನೂಲು ನಿಮ್ಮದಾ ಅಂತಾರೆ ಅಮ್ಮ" ಎಂದಳು ದುಭಾಷಿ.

ನಾನು ಹೇಳಿದ್ದು ಆಪಾಗೆ ಒಳಗೇ ಕೇಳಿಸಿತ್ತು. ಒಂದು ಸಲ ನನ್ನ ಮುಖ ನೋಡಿದಳು. "ಇಲ್ಲಮ್ಮ, ನನ್ ತಮ್ಮಂದೇ. ನಾನು ನೀರು ಕಾಯ್ಸಿ ಕೊಡ್ತೀನಿ ಅಷ್ಟೇ" ಎಂದಳು.

ಪಟ್ಟಿಗೆ ನನ್ನ ಹೆಸರು ಹೋಯಿತು. ಜಪಾನಿನಲ್ಲಿ ಆ ಮೂರು ವಾರ ನಿದ್ದೆಯಲ್ಲಿ ನಡೆದ ಹಾಗಿದ್ದೆ. ಕಿಟಕಿಯಾಚೆ ಎಲೆಯೆಲ್ಲ ಉದುರಿ ಕೆಂಪು ಹಣ್ಣು ಮಾತ್ರ ಉಳಿದ ಒಂದು ಮರ, ಅದರ ಮೇಲೆ ಸದ್ದಿಲ್ಲದೆ ಬೀಳುವ ಹಿಮ. ಕಾರ್ಖಾನೆಯ ಒಳಗೆ ಯಾರೂ ನೀರಿಗೆ ಕೈ ಹಾಕುತ್ತಿರಲಿಲ್ಲ. ಎಳೆಯ ತುದಿಯನ್ನು ಯಂತ್ರದ ಸಣ್ಣ ಪೊರಕೆ ಹುಡುಕುತ್ತಿತ್ತು. ಹೊರಡುವ ದಿನ ಅಜ್ಜಿ ಒಂದು ಮುಲಾಮಿನ ಡಬ್ಬಿ ಕೊಟ್ಟು, ಮಾತಾಡದೆ ತಮ್ಮ ಬೆರಳುಗಳನ್ನು ತೋರಿಸಿದರು. ಅವೂ ಆಪಾಳ ಬೆರಳುಗಳ ಹಾಗೆಯೇ ಇದ್ದವು.

ಮನೆಗೆ ಬಂದು ಡಬ್ಬಿಯನ್ನು ಆಪಾಳ ಕೈಗಿಟ್ಟೆ. "ತಪ್ಪು ಮಾಡ್ದೆ ಆಪಾ" ಎಂದೆ. ಅವಳು ಡಬ್ಬಿಯ ಮುಚ್ಚಳ ತಿರುವಿ ಮೂಸಿದಳು.

"ಅಲ್ಲಿ ನೀರು ಎಷ್ಟು ಬಿಸಿ ಇಟ್ಕೋತಾರೋ?"

"ಕೈ ಹಾಕೋ ಹಾಗೇ ಇಲ್ಲ, ಎಲ್ಲಾ ಮಿಷನ್ನೇ ಮಾಡತ್ತೆ."

ಅವಳು ತನ್ನ ಕೈಗಳನ್ನು ತಿರುಗಿಸಿ ನೋಡಿಕೊಂಡಳು.

ಮರುವಾರ ರೇಷ್ಮೆ ಇಲಾಖೆಯ ಕಚೇರಿಗೆ ಹೋಗಿ ನಡೆದದ್ದನ್ನೆಲ್ಲ ಹೇಳಿದೆ. ಅಲ್ಲಿದ್ದವರು ಆಪಾಳ ಆಧಾರ್ ಕಾರ್ಡು ನೋಡಿ, "ಮುಂದಿನ ಸಲಕ್ಕೆ ಇವ್ರಿಗೆ ಕಳ್ಸೋ ವಯಸ್ಸು ದಾಟಿರತ್ತಲ್ರೀ" ಎಂದರು.

ಈಗ ನಾನೂ ದಿನಾ ಬೆಳಿಗ್ಗೆ ಆಪಾಳ ಪಕ್ಕ ಕೂತು ನೀರಿಗೆ ಕೈ ಹಾಕುತ್ತೇನೆ. ಎಳೆ ನನಗೆ ಇನ್ನೂ ಬೇಗ ಸಿಗುವುದಿಲ್ಲ. ಹಬೆ ಏಳತೊಡಗಿದಾಗ ಅವಳು, "ಅಲ್ಲಿದು ಹೇಳೋ" ಎನ್ನುತ್ತಾಳೆ. ನಾಲ್ಕು ವರ್ಷದಿಂದ ಹೇಳುತ್ತಲೇ ಇದ್ದೇನೆ. ಅವಳು ಕಣ್ಣು ಅರ್ಧ ಮುಚ್ಚಿ ಕೇಳುತ್ತಾಳೆ. ಹೋಗಿಬಂದವನು ನಾನು, ಆದರೆ ನನಗೆ ಮರೆತದ್ದೆಲ್ಲ ಅವಳಿಗೆ ನೆನಪಿದೆ.

"ಕೆಂಪು ಹಣ್ಣಿನ ಮರ ಇತ್ತಲ್ಲ, ಅದನ್ಯಾಕೆ ಬಿಟ್ಟೆ ಇವತ್ತು?" ಎನ್ನುತ್ತಾಳೆ.

ನಾನು ಮತ್ತೆ ಆ ಮರದಿಂದ ಶುರು ಮಾಡುತ್ತೇನೆ.