ಹೊನ್ನಾವರದಲ್ಲಿ ಹಿಂದಿನಿಂದ ಕರೆದವರು

ಶಕುನ, ಅಪಶಕುನ ಎಂದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಈಗಲೂ ಉರಿಯುತ್ತದೆ. ಇದನ್ನು ಓದಿ "ಡಾಕ್ಟ್ರಿಗೂ ತಲೆ ಕೆಡ್ತು" ಎನ್ನುವವರು ಧಾರಾಳವಾಗಿ ಅನ್ನಲಿ. ತಲೆ ಕೆಡುವುದು ಹೇಗೆಂದು ಅವರಿಗಿಂತ ನನಗೇ ಚೆನ್ನಾಗಿ ಗೊತ್ತು. ನಾನು ನರರೋಗದ ಡಾಕ್ಟರು.

ಹುಟ್ಟಿದ್ದು ಕುಮಟಾದ ಮೀನುಗಾರರ ಮನೆಯಲ್ಲಿ. ಹುಬ್ಬಳ್ಳಿಯಲ್ಲಿ ಓದಿದೆ. ಅಲ್ಲೇ ಇರು ಎಂದವರ ಮಾತು ಕೇಳದೆ ಊರಿಗೇ ಬಂದು ಕ್ಲಿನಿಕ್ ತೆಗೆದೆ. ವಾರಕ್ಕೊಂದು ದಿನ ಹೊನ್ನಾವರ, ಇನ್ನೊಂದು ದಿನ ಭಟ್ಕಳ. ಇಂಟರ್ನೆಟ್ಟಿನಲ್ಲಿ ಯಾರೋ ರೋಗಿ ನನಗೆ ಮೂರು ಸ್ಟಾರ್ ಕೊಟ್ಟು "ಕೈಗುಣ ಒಳ್ಳೇದು, ಬಾಯಿ ಜೋರು" ಎಂದು ಬರೆದಿದ್ದಾರೆ. ಎರಡೂ ನಿಜ.

ಬಾಯಿ ಯಾಕೆ ಜೋರಾಯಿತು, ಕೇಳಿ. ನಮ್ಮಲ್ಲಿ ದೋಣಿಗೆ ಹೊರಟವರನ್ನು ಹಿಂದಿನಿಂದ ಕರೆಯುವುದಿಲ್ಲ. ಕರೆದರೆ ಹೋದವರಿಗೆ ಕೆಟ್ಟದಾಗುತ್ತದಂತೆ. ಈಗ ಬಸ್ಸಿಗೆ ಹೊರಟರೂ ಅದೇ ಕಥೆ. ಭಟ್ಕಳದ ಒಬ್ಬ ಹೆಂಗಸು, ಹೊರಟ ಗಂಡ ಒಂದು ಕಾಲು ಎಳೆಯುತ್ತ ನಡೆಯುವುದನ್ನು ಕಣ್ಣಾರೆ ಕಂಡೂ ಕರೆಯದೆ ನಿಂತಳು. ಪಾರ್ಶ್ವವಾಯು. ನನ್ನ ಹತ್ತಿರ ತರುವಾಗ ಹೊತ್ತು ಮೀರಿತ್ತು. ಆ ಮನುಷ್ಯ ಇಂದಿಗೂ ಹಾಸಿಗೆಯಲ್ಲಿದ್ದಾನೆ. ಆಮೇಲೆ ಬಂದವರಿಗೆಲ್ಲ ಬೈಯತೊಡಗಿದೆ: ಕರೀರಿ ಮಾರಾಯ್ರೆ, ಕೂಗಿ ಕರೀರಿ!

ಕೆಲವು ವರ್ಷಗಳ ಹಿಂದಿನ ಮಾತು. ಒಂದು ಸಂಜೆ ಹೊನ್ನಾವರದ ಕೆಲಸ ಮುಗಿಸಿ ಕಾರಿನ ಬಾಗಿಲು ತೆಗೆಯುತ್ತಿದ್ದೆ. ಹಿಂದಿನಿಂದ "ಏ ತಂಗೀ, ನಿಲ್ಲು" ಎಂದು ಕೇಳಿತು. ಹೆಂಗಸಿನ ದನಿ, ಸ್ಪಷ್ಟ. ಡಾಕ್ಟರಾದ ಮೇಲೆ ನನ್ನನ್ನು ಯಾರೂ ಹಾಗೆ ಕರೆದದ್ದಿಲ್ಲ. ತಿರುಗಿದರೆ ಅಂಗಳದಲ್ಲಿ ನರಪಿಳ್ಳೆಯೂ ಇಲ್ಲ. ನೋಡೇ ಬಿಡುವ ಎಂದು ವಾಪಸು ನಡೆದೆ.

ಕ್ಲಿನಿಕ್ಕಿನ ಜಗಲಿಯಲ್ಲಿ ಮಾದೇವಿ ಕಂಬದ ಮರೆಯಲ್ಲಿ ಒರಗಿ ಕೂತಿದ್ದಳು. ಬೀದಿ ಬೀದಿ ಕೂಗಿ ಮೀನು ಮಾರುವವಳು. ಗಂಡನ ಮೂರ್ಛೆರೋಗದ ಮಾತ್ರೆಗೆಂದು ಆಗಾಗ ಬರುತ್ತಿದ್ದಳು. ಈಗ ಅವಳದೇ ಬಾಯಿ ಸೊಟ್ಟಗಾಗಿತ್ತು, ಬಲಗೈ ಜೋತುಬಿದ್ದಿತ್ತು. ಮಾತಾಡಿಸಿದರೆ ಬರೀ ಸದ್ದು. ಬೀದಿಯ ಆ ಕೂಗೇ ಅವಳ ಮನೆಯ ಅನ್ನ! ನನಗೆ ನಿಜವಾಗಿ ಹೆದರಿಕೆಯಾಯಿತು. ಕಾರಿನಲ್ಲೇ ಮಲಗಿಸಿಕೊಂಡು ಸ್ಕ್ಯಾನ್ ಇರುವ ಆಸ್ಪತ್ರೆಗೆ ಓಡಿಸಿದೆ. ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್ ಸಮಯಕ್ಕೆ ಬಿತ್ತು.

ಮಾತು ಮರಳಿದ ಮೇಲೆ ಕೇಳಿದೆ, "ಆವತ್ತು ಕರೆದದ್ದು ನೀನೇ ಅಲ್ವಾ?"

"ನಾ ಎಂತಕ್ಕೆ ಕರೀಲಿ? ನೀವು ಹೋಗೂದು ಕಂಡಿದ್ದೆ. ಆಗ ಬಾಯಿ ಸರಿ ಇತ್ತು, ಕೈ ಮಾತ್ರ ಜೋಮು ಹಿಡ್ದಿತ್ತು. ಹೊರಟವ್ರನ್ನ ಹಿಂದಿಂದ ಕರೂಕಾಗ್ತದ್ಯಾ ಡಾಕ್ಟ್ರೇ? ದಾರೀಲಿ ನಿಮಗೆಂತಾದ್ರೂ ಆದ್ರೆ?"

ಬೈಯಲು ಬಾಯಿ ತೆರೆದ ನನ್ನ ಕಣ್ಣಲ್ಲಿ ನೀರು ಬಂತು.

ಇಲ್ಲದ ದನಿ ಕೇಳಿಸುವುದಕ್ಕೆ ನಮ್ಮ ಶಾಸ್ತ್ರದಲ್ಲಿ ಹೆಸರಿದೆ. ಹೆಸರಿಟ್ಟ ಮಾತ್ರಕ್ಕೆ ಉತ್ತರ ಸಿಕ್ಕಂತಾಗುವುದಿಲ್ಲ. ಯಾರಿಗೂ ಹೇಳಬೇಡ, ರೋಗಿಗಳು ನಗುತ್ತಾರೆ ಎಂದರು ಸ್ನೇಹಿತರು. ನಗಲಿ. ಆ ದನಿ ಯಾರದೋ ನನಗೆ ಗೊತ್ತಿಲ್ಲ. ಗೊತ್ತಿದೆ ಎಂದು ಸುಳ್ಳು ಹೇಳಲು ನಾನು ತಯಾರಿಲ್ಲ.

ಮಾದೇವಿ ಈಗಲೂ ಬೀದಿಗೆಲ್ಲ ಕೇಳುವಂತೆ "ಬಂಗಡೇ" ಎಂದು ಕೂಗುತ್ತಾಳೆ. ನಾನು ಹೊರಟದ್ದು ಕಂಡರೆ ಮಾತ್ರ, ಎಷ್ಟು ಬೈದರೂ ಅಷ್ಟೇ, ಬಾಯಿ ಮುಚ್ಚಿಕೊಂಡು ನಿಲ್ಲುತ್ತಾಳೆ.