ಅತಿಶಯೋಕ್ತಿಗೆ ಒಂದು ಉದಾಹರಣೆ

ಅವರನ್ನು ಎಲ್ಲರೂ ಅಲಂಕಾರದ ಮೇಷ್ಟ್ರು ಎಂದೇ ಕರೆಯುತ್ತಿದ್ದರು. ಹಗಲು ಅಂಚೆ ಕಚೇರಿಯಲ್ಲಿ ಗುಮಾಸ್ತರು, ಸಂಜೆ ಆರರಿಂದ ಎಂಟರವರೆಗೆ ದೊಡ್ಡವರಿಗೆ ಭಾಷೆಯ ಪಾಠ. ಓದನ್ನು ಅರ್ಧಕ್ಕೆ ಬಿಟ್ಟು ದುಡಿಮೆಗೆ ಬಿದ್ದವರು, ಪರೀಕ್ಷೆ ಪಾಸಾದರೆ ಬಡ್ತಿ ಸಿಕ್ಕೀತು ಎಂದು ಬರುತ್ತಿದ್ದ ತರಗತಿ ಅದು. ಪಕ್ಕದ ಕೋಣೆಯಲ್ಲಿ ನಾನು ಲೆಕ್ಕ ಹೇಳಿಕೊಡುತ್ತಿದ್ದೆ. ನಡುವೆ ಬರೀ ಪ್ಲೈವುಡ್ ಗೋಡೆ. ಅವರ ಪಾಠವೆಲ್ಲ ನನಗೂ ಬಾಯಿಪಾಠವಾಗಿತ್ತು.

"ಹೆಂಡತಿ ಬೆಂಕಿಯ ಹಾಗೆ ಅಂದ್ರೆ ಉಪಮೆ. ಹೆಂಡತಿ ಬೆಂಕಿಯೇ ಅಂದ್ರೆ ರೂಪಕ. ಅವಳು ಕಣ್ಣುಬಿಟ್ಟ ಏಟಿಗೆ ಬೀದಿಯೆಲ್ಲ ಬೂದಿಯಾಯ್ತು ಅಂದ್ರೆ ಅತಿಶಯೋಕ್ತಿ. ಕೇಳಿದವರು 'ಅಯ್ಯೋ, ಸಾಧ್ಯವೇ ಇಲ್ಲ' ಅನ್ನಬೇಕು. ಅದೇ ಗುರುತು."

ಇಷ್ಟು ಹೇಳಿ, ಮೂರಕ್ಕೂ ನಿಮ್ಮದೇ ಒಂದೊಂದು ಉದಾಹರಣೆ ಬರೆದು ತನ್ನಿ ಎಂದು ಕಳಿಸಿದರು.

ಮಾರನೆಯ ಸಂಜೆ ನೋಟ್‌ಬುಕ್ಕುಗಳು ಬಂದವು. ದಿನವಿಡೀ ಪೆಟ್ಟಿಗೆ ಹೊತ್ತವರು, ಮಿಷನ್ ತುಳಿದವರು. ಅರ್ಧ ಜನ ತೂಕಡಿಸುತ್ತಿದ್ದರು. ಒಂದು ಪುಸ್ತಕ ನೋಡುತ್ತಲೇ ಮೇಷ್ಟ್ರ ಮುಖ ಅರಳಿತು. ಅದು ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದ ಹೆಂಗಸಿನದು. ನಲವತ್ತು ದಾಟಿದವರು, ಹಿಂದಿನ ಬೆಂಚಿನಲ್ಲಿ ಕೂತು ಒಂದು ಮಾತೂ ಆಡದವರು. ಅವರು ಬರೆದಿದ್ದರು: 'ನನ್ನ ತಮ್ಮ ಒಂಬತ್ತು ವರ್ಷದಿಂದ ಕೋಣೆ ಬಿಟ್ಟು ಹೊರಗೆ ಬಂದಿಲ್ಲ. ಊಟದ ತಟ್ಟೆಯನ್ನು ಬಾಗಿಲ ಕೆಳಗಿನಿಂದ ತಳ್ಳುತ್ತೇನೆ.'

"ಅತಿಶಯೋಕ್ತಿ ಅಂದ್ರೆ ಇದು!" ಎಂದು ಮೇಷ್ಟ್ರು ಗಟ್ಟಿಯಾಗಿ ಓದಿದರು. ತರಗತಿ ಎಚ್ಚರವಾಯಿತು.

"ಸ್ನಾನ ಹೆಂಗಕ್ಕಾ?" ಎಂದ ಗೋದಾಮಿನ ಕಾವಲುಗಾರ.

ಆಕೆ ಎದ್ದು ನಿಂತು, "ಬಾಗಿಲ ಹತ್ರ ಎರಡು ಬಕೆಟ್ ನೀರು ಇಟ್ಟು ನಾನು ಆಚೆ ಹೋಗ್ತೀನಿ," ಎಂದರು.

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. "ನೋಡಿ, ಉದಾಹರಣೇನ ಹೇಗೆ ಬೆಳೆಸ್ತಿದಾರೆ!" ಎಂದು ಮೇಷ್ಟ್ರೂ ಒಗ್ಗರಣೆ ಹಾಕಿದರು. ಗೋಡೆಯ ಈಚೆ ನಾನೂ ನಕ್ಕೆ. ಆಕೆಯೂ ಸ್ವಲ್ಪ ನಕ್ಕು ಕೂತರಂತೆ.

ಆಮೇಲೆ ಆಕೆ ಬರಲಿಲ್ಲ. ಎರಡನೆಯ ವಾರ, ಆಕೆಯ ಬೀದಿಯಲ್ಲೇ ಇದ್ದ ಆಸ್ಪತ್ರೆಯ ಆಯಾ ಒಬ್ಬರು, ಅದೇ ತರಗತಿಯವರು, ಆ ಸಂಜೆ ಬಂದಿರದವರು, ವಿಷಯ ತಿಳಿದು ಮೇಷ್ಟ್ರನ್ನು ವರಾಂಡದಲ್ಲಿ ನಿಲ್ಲಿಸಿದರು. "ಸಾರ್, ಅದು ಕತೆ ಅಲ್ಲ. ಇರೋ ವಿಷಯ. ಅಪ್ಪ ಸತ್ತಾಗಲೂ ಆ ಹುಡುಗ ಆಚೆಗೆ ಬರಲಿಲ್ಲ."

ಮೇಷ್ಟ್ರು ನನ್ನ ಕೋಣೆಗೆ ಬಂದು ಬೆಂಚಿನ ಮೇಲೆ ಕೂತು ಅದನ್ನು ಹೇಳಿದರು. ನಿಮಗೆ ಗೊತ್ತಿರಲಿಲ್ಲವಲ್ಲ ಎಂದು ನಾನು ಸಮಾಧಾನ ಹೇಳಹೋದೆ.

"ಗೊತ್ತಾಗಿತ್ತು ಕಣಯ್ಯಾ," ಎಂದರು. "ಪೂರ್ತಿ ಅಲ್ಲ. ಬಕೆಟ್ ಅಂದಾಗ ಅವರ ಮುಖ ನೋಡ್ದೆ. ಏನೋ ಚುರುಕ್ ಅಂತು. ಆದರೆ ನನ್ನ ಕ್ಲಾಸು ಹಾಗೆ ನಕ್ಕು ಎಷ್ಟು ಕಾಲ ಆಗಿತ್ತು! ಅದನ್ನ ಬಿಡೋಕೆ ಮನಸ್ಸು ಬರಲಿಲ್ಲ."

ಮರುದಿನ ಅರ್ಧ ದಿನ ರಜೆ ಹಾಕಿ ಆಸ್ಪತ್ರೆಗೆ ಹೋದರು. ನೆಲಮಾಳಿಗೆ, ಬಿಸಿ ಹಬೆ, ಸೋಪಿನ ಘಾಟು, ಯಂತ್ರಗಳ ಗಡಗಡ. ಆಕೆ ಒಬ್ಬರೇ ಹಾಸಿಗೆಯ ಚಾದರ ಮಡಿಸುತ್ತಿದ್ದರು. ಮೇಷ್ಟ್ರನ್ನು ಕಂಡು ಗಾಬರಿಯಾಗಲಿಲ್ಲ. "ಆ ತುದಿ ಹಿಡ್ಕೊಳ್ಳಿ ಸಾರ್, ಬೇಗ ಆಗತ್ತೆ," ಎಂದರು. ಇವರು ಹಿಡಿದರು.

"ಅಮ್ಮಾ, ತಪ್ಪಾಯ್ತು."

"ನೀವೇ ಹೇಳಿದ್ರಲ್ಲ, ಯಾರೂ ನಂಬದೇ ಇರೋದು ಅತಿಶಯೋಕ್ತಿ ಅಂತ. ನಮ್ಮನೇಲಿ ಹಾಗೆ ಯಾರೂ ನಂಬದಂಥದ್ದು ಇರೋದು ಅದೊಂದೇ. ಅದನ್ನೇ ಬರೆದೆ." ಇನ್ನೊಂದು ಚಾದರ ಎಳೆದುಕೊಂಡರು. "ತಪ್ಪು ನಂದೂ ಇದೆ. ಅವನ ಸುದ್ದಿ ಹೊರಗೆ ಎತ್ತಬೇಡ ಅಂತ ಅಮ್ಮ ಮಾತು ತಗೊಂಡಿದ್ಲು. ಕ್ಲಾಸಿಂದ ಹೋಗಿ, ಎಲ್ಲರೂ ನಕ್ಕಿದ್ದನ್ನ ಬಾಗಿಲಾಚೆಯಿಂದ ಅವನಿಗೆ ಹೇಳಿಬಿಟ್ಟೆ. ಎರಡು ದಿನ ತಟ್ಟೆ ಹಾಗೇ ವಾಪಸ್ ಬಂತು."

ಮೇಷ್ಟ್ರ ಕೈಯಿಂದ ಚಾದರದ ತುದಿ ಜಾರಿತು. ಎತ್ತಿಕೊಂಡು ಹೇಳಿದರು, "ನಾಳೆ ಎಲ್ಲರ ಮುಂದೆ ನಿಂತು ಕ್ಷಮೆ ಕೇಳ್ತೀನಿ. ಅದು ನಿಜ ಅಂತ ಹೇಳ್ತೀನಿ."

"ದಮ್ಮಯ್ಯ, ಬೇಡ. ಸುಳ್ಳು ಅಂತಲೇ ಇರಲಿ. ನಿಜ ಅಂತ ಗೊತ್ತಾದ್ರೆ ನೋಡೋಕೆ ಬರ್ತಾರೆ."

ತಪ್ಪು ಒಪ್ಪಿಕೊಂಡು ಹಗುರಾಗುವ ದಾರಿಯೂ ಅಲ್ಲಿಗೆ ಮುಚ್ಚಿತು. ತರಗತಿಗೆ ಬನ್ನಿ ಎಂದು ಕರೆಯಲು ಇವರಿಗೆ ಬಾಯಿ ಬರಲಿಲ್ಲ. ಊಟದ ಬಿಡುವಿನಲ್ಲಿ ತಾವೇ ಬಂದು ಪಾಠ ಹೇಳಲೇ ಎಂದು ಕೇಳಿದರು. ಆಕೆ ಯೋಚಿಸಿ, "ಲೆಕ್ಕ ಒಂದಿಷ್ಟು ಕಷ್ಟ," ಎಂದರು. ಹಾಗೆ ನಾನೂ ಜೊತೆಯಾದೆ. ಮೂರು ತಿಂಗಳು, ವಾರಕ್ಕೆರಡು ದಿನ, ಮಡಿಸಿದ ಬಟ್ಟೆಯ ರಾಶಿಗಳ ನಡುವೆ ಪಾಠ ನಡೆಯಿತು. ಉಪಮೆ, ರೂಪಕದ ಪುಟ ಬಂದಾಗ ಮೇಷ್ಟ್ರು ಕೆಮ್ಮು ಬಂತೆಂದು ಪುಸ್ತಕವನ್ನು ಆಕೆಯ ಕಡೆ ಸರಿಸುತ್ತಿದ್ದರು. ಆಕೆಯೇ ಓದಿಕೊಳ್ಳುತ್ತಿದ್ದರು.

ಪರೀಕ್ಷೆ ಮುಗಿದ ದಿನ ಕಾವಲುಗಾರ ಓಡಿಕೊಂಡು ಬಂದ. "ಸಾರ್, ಅತಿಶಯೋಕ್ತಿ ಕೇಳಿದ್ರು! ಆ ಅಕ್ಕನ ತಟ್ಟೆ ವಾಕ್ಯಾನೇ ಇಳಿಸಿದ್ವಿ, ನಾವು ನಾಲ್ಕು ಜನ!" ಮೇಷ್ಟ್ರು 'ಒಳ್ಳೇದಪ್ಪ' ಎಂದು ಅವನ ಭುಜ ತಟ್ಟಿ, ಹೊರಗಿನ ನಲ್ಲಿಯ ಹತ್ತಿರ ಹೋಗಿ ಬಹಳ ಹೊತ್ತು ಮುಖ ತೊಳೆದರು. ಆ ವರ್ಷದ ಕೊನೆಗೆ ಪಾಠ ಹೇಳುವುದನ್ನೇ ಬಿಟ್ಟರು. ಕಾರಣ ನನಗೊಬ್ಬನಿಗೆ ಗೊತ್ತು.

ಆಕೆ ಪಾಸಾದರು. ಬಟ್ಟೆ ಉಗ್ರಾಣದ ಮೇಲ್ವಿಚಾರಣೆ ಸಿಕ್ಕಿತು. ಕಳೆದ ತಿಂಗಳು ಬಸ್ ನಿಲ್ದಾಣದಲ್ಲಿ ನಮ್ಮಿಬ್ಬರಿಗೂ ಎದುರಾದರು. ಮೇಷ್ಟ್ರು ಬಹಳ ಕಷ್ಟಪಟ್ಟು, "ತಮ್ಮ ಹೇಗಿದ್ದಾನೆ?" ಎಂದರು.

"ಇದ್ದಾನೆ ಸಾರ್. ನಿಮ್ಮ ಕೆಮ್ಮು ಇನ್ನೂ ಹೋಗಿಲ್ವಾ? ಬಿಸಿನೀರು ಕುಡೀರಿ," ಎಂದು ಹೇಳಿ ಆಕೆ ಬಸ್ ಹತ್ತಿದರು. ಬಸ್ ತಿರುವಿನಲ್ಲಿ ಮರೆಯಾಗುವವರೆಗೂ ಮೇಷ್ಟ್ರು ನಿಂತೇ ಇದ್ದರು.