ಹಗೇವಿಗೆ ದೀಪ ಇಳಿಸದ ದಿನ

ಗುಬ್ಬಿಯಲ್ಲಿ ಟೀಚರಾಗಿರುವ ನನ್ನ ತಮ್ಮನ ಮಗಳು, ಮಕ್ಕಳಿಗೆ ತೋರಿಸಲು ನಮ್ಮ ಚೇಳೂರಿನ ಮನೆಯ ಹಗೇವಿನ ವಿಡಿಯೋ ಮಾಡಬೇಕೆಂದು ಬಂದಳು. ಹಗೇವು ಎಂದರೆ ರಾಗಿ ತುಂಬಿಡಲು ಹಿತ್ತಿಲಲ್ಲಿ ತೋಡಿದ ಆಳದ ಗುಂಡಿ. ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತುತ್ತಿದ್ದೆವು.

ಮರುದಿನ ಶಿರಾ ಗೇಟಿನಿಂದ ಕ್ಯಾಮೆರಾದವನು ಬರುವವನಿದ್ದ. ನಾನು ಹೇಳಬೇಕಾದ್ದನ್ನು ಅವಳು ದೊಡ್ಡ ಅಕ್ಷರದಲ್ಲಿ ಬರೆದು ತಂದಿದ್ದಳು. ಅಕ್ಷರ ಕೂಡಿಸಿಕೊಂಡು ಓದಿದೆ. ರಾಗಿ ಎಷ್ಟು ವರ್ಷವಾದರೂ ಕೆಡುವುದಿಲ್ಲ ಎಂದಿತ್ತು.

“ದೀಪ ಇಳಿಸೋದು ಎಲ್ಲೇ?”

“ಬಿಡತ್ತೆ. ಚಿಕ್ಕತ್ತೆ ಹಗೇವಲ್ಲಿ ಸತ್ತಿದ್ದು ನೆನಪಾಗಿ ನಿಂಗೆ ನೋವಾಗುತ್ತೆ ಅಂತ ಬರೀಲಿಲ್ಲ. ಅವ್ರ ಹಣೆಬರಹ ಹಂಗಿತ್ತು.”

“ಹಣೆಬರಹ ಅಲ್ಲ ಕಣೇ, ನಾನು.”

ಮುಚ್ಚಿಟ್ಟ ಹಗೇವಿನ ಗಾಳಿ ಕೆಟ್ಟಿರುತ್ತದೆ. ಕಲ್ಲು ತೆಗೆದು ಒಂದು ದಿನ ಬಿಡಬೇಕು. ಆಮೇಲೆ ಹಗ್ಗಕ್ಕೆ ದೀಪ ಕಟ್ಟಿ ಇಳಿಸಬೇಕು. ದೀಪ ಆರಿದರೆ ಯಾರೂ ಇಳಿಯಬಾರದು. ಅವತ್ತು ನೆಂಟರು ಬಂದಿದ್ದರು, ಹಿಟ್ಟು ಮುಗಿದಿತ್ತು. ಕಲ್ಲು ತೆಗೆದವಳೇ ತಂಗಿಗೆ ಇಳಿ ಎಂದೆ.

“ಅಕ್ಕ, ದೀಪ?” ಎಂದಳು.

“ನೆಂಟ್ರು ಹಸ್ಕೊಂಡವ್ರೆ, ಇಳಿಯೇ.”

ಇಳಿದಳು. ಎರಡು ಸಲ ಕೂಗಿದೆ, ಉತ್ತರ ಬರಲಿಲ್ಲ. ಊರೆಲ್ಲ ಹಣೆಬರಹ ಎಂದಿತು. ನಾನೂ ಇಷ್ಟು ವರ್ಷ ಬಾಯಿ ಮುಚ್ಚಿಕೊಂಡಿದ್ದೆ.

ಟೀಚರು ನನ್ನ ಕೈಯಿಂದ ಹಾಳೆ ವಾಪಸ್ ತೆಗೆದುಕೊಂಡಳು.

“ಇದನ್ನ ಮಕ್ಕಳ ಮುಂದೆ ಹೇಳ್ತೀಯಾ ಅತ್ತೆ?”

“ಹೇಳ್ತೀನಿ. ಮೊದ್ಲು ದೀಪ ಅಂತ ಬರಿ.”

ಬರೆದಳು. ಆಮೇಲೆ, ತೋರಿಸಲು ಹಳೇ ಲಾಟೀನು ಇದೆಯಾ ಎಂದು ಕೇಳಿದಳು. ಹಿತ್ತಿಲ ಬಾಗಿಲ ಮೊಳೆಯ ಕಡೆ ಕೈ ತೋರಿಸಿದೆ. ಅವತ್ತೂ ಅದು ಅಲ್ಲೇ ನೇತಾಡುತ್ತಿತ್ತು.